ಏಳನೆಯ ಇಲಿಯ ದಾಖಲೆ

ಇಲಿಯ ಕತ್ತಿನಲ್ಲಿ ಆ ನರವನ್ನು ಹುಡುಕಿ ಬಿಡಿಸಿಕೊಳ್ಳಲು ನನಗೆ ಎರಡು ಗಂಟೆ ಹಿಡಿಯುತ್ತಿತ್ತು. ಬೆಳಗ್ಗೆ ಎಂಟಕ್ಕೆ ಕೈಗವಸು ಹಾಕಿಕೊಂಡರೆ, ಹೊಲಿಗೆಯ ದಾರಕ್ಕಿಂತ ತೆಳ್ಳಗಿನ ಆ ಬಿಳಿ ಎಳೆ ಮೈಕ್ರೋಸ್ಕೋಪಿನ ಕೆಳಗೆ ಬೇರೆಯಾಗಿ ಕಾಣುವಷ್ಟರಲ್ಲಿ ಹತ್ತು ದಾಟಿರುತ್ತಿತ್ತು. ಅದರ ಹೆಸರು ಫ್ರೆನಿಕ್ ನರ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿದೆ; ಅದು ಕೆಳಗಿಳಿದರೆ ಉಸಿರು ಒಳಗೆ ಬರುತ್ತದೆ. ಇಳಿ ಎಂದು ಮಿದುಳು ಕಳಿಸುವ ಆಜ್ಞೆ ಹರಿಯುವುದು ಈ ನರದಲ್ಲಿ. ಅದನ್ನು ಎರಡು ಬೆಳ್ಳಿ ತಂತಿಯ ಕೊಕ್ಕೆಗಳ ಮೇಲೆ ಎತ್ತಿ ಕೂರಿಸಿ, ಒಣಗದಂತೆ ಪ್ಯಾರಾಫಿನ್ ಎಣ್ಣೆ ಹನಿಸಿ, ಆಂಪ್ಲಿಫೈಯರ್ ಹಾಕಿದರೆ ಪ್ರತಿ ಉಸಿರಿಗೂ ಒಂದು ಸಲ ಸ್ಪೀಕರಿನಲ್ಲಿ ‘ಸ್ಸ್’ ಎಂಬ ಸದ್ದು ಏರಿ ಇಳಿಯಬೇಕು.

ನನಗೆ ಕೇಳುತ್ತಿದ್ದದ್ದು ಕರೆಂಟಿನ ಗುಂಯ್ ಸದ್ದು ಮಾತ್ರ.

ಅದು ಚೆನ್ನೈನ ಒಂದು ವೈದ್ಯಕೀಯ ಕಾಲೇಜಿನ ಮೂರನೆಯ ಮಹಡಿ. ಹೊರಗೆ ಅಲ್ಲಿಯವರು ಕತ್ತರಿ ಎನ್ನುವ ಮೇ ತಿಂಗಳ ಉರಿಬಿಸಿಲು. ನಾನು ಪಿಎಚ್‌ಡಿಯ ಮೂರನೆಯ ವರ್ಷದಲ್ಲಿದ್ದೆ. ನಮ್ಮ ಪ್ರಶ್ನೆ ಹೇಳಲು ಸುಲಭ: ಐದೈದು ನಿಮಿಷದಂತೆ ಮೂರು ಸಲ ಆಮ್ಲಜನಕ ಕಡಿಮೆ ಮಾಡಿ ಕೊಟ್ಟರೆ, ಆಮೇಲೆ ಒಂದು ಗಂಟೆಯವರೆಗೂ ಈ ನರದ ಚಟುವಟಿಕೆ ಮೊದಲಿಗಿಂತ ಹೆಚ್ಚಾಗಿಯೇ ಉಳಿಯುತ್ತದೆಯೇ? ಉಳಿಯುವುದು ಹೌದಾದರೆ, ಬೆನ್ನುಹುರಿಗೆ ಪೆಟ್ಟಾಗಿ ಉಸಿರಾಟ ಸೋತವರಿಗೆ ಮುಂದೆಂದಾದರೂ ಇದು ಉಪಯೋಗಕ್ಕೆ ಬರಬಹುದು. ಇದಕ್ಕಾಗಿ ಪ್ರಾಣಿ ಪ್ರಯೋಗಗಳ ನೈತಿಕ ಸಮಿತಿ ನಮಗೆ ಇಪ್ಪತ್ತು ಇಲಿಗಳನ್ನು ಬಳಸಲು ಒಪ್ಪಿಗೆ ಕೊಟ್ಟಿತ್ತು. ಹನ್ನೊಂದು ಮುಗಿದಿದ್ದವು. ತೋರಿಸುವಂಥ ದಾಖಲೆ ಸಿಕ್ಕಿದ್ದು ಒಂದೇ, ಏಳನೆಯ ಇಲಿಯದು.

ನನ್ನ ಮಾರ್ಗದರ್ಶಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಅವರ ತಂದೆ ಉಡುಪಿ ಕಡೆಯಿಂದ ಬಂದು ತ್ರಿಪ್ಲಿಕೇನಿನಲ್ಲಿ ಹೋಟೆಲು ಹಾಕಿದವರು. ಮೇಡಂ ಹುಟ್ಟಿ ಬೆಳೆದದ್ದು ಆ ಹೋಟೆಲಿನ ಮಹಡಿಯ ಮೇಲೆ. ಇಲಾಖೆಯಲ್ಲಿ ತಮಿಳು, ಇಂಗ್ಲಿಷು ಆಡುವ ಅವರು ನಾವಿಬ್ಬರೇ ಇದ್ದಾಗ ಕನ್ನಡಕ್ಕೆ ಬರುತ್ತಿದ್ದರು. ಅವರ ಕರಾವಳಿ ಕನ್ನಡಕ್ಕೆ ನಡುನಡುವೆ ತಮಿಳು ಸೇರಿಕೊಳ್ಳುತ್ತಿತ್ತು. ಮಂಡ್ಯದ ನನ್ನ ಮಾತು ಕೇಳಿದರೆ ಅವರಿಗೆ ನಗು.

ಏಳನೆಯ ಇಲಿಯಲ್ಲಿ ಗುಂಯ್ ಸದ್ದಿನ ನಡುವೆಯೂ ನರದ ಒಟ್ಟು ಚಟುವಟಿಕೆಯ ಗೆರೆ ಕಾಣುವ ಹಾಗಿತ್ತು. ಆಮ್ಲಜನಕ ಮೂರು ಸಲ ಇಳಿಸಿದ ಮೇಲೆ ಆ ಗೆರೆ ನಿಧಾನವಾಗಿ ಏರುತ್ತಾ ಹೋಗಿ ಗಂಟೆಯ ಕೊನೆಗೆ ಮೊದಲಿದ್ದದ್ದಕ್ಕಿಂತ ಎಷ್ಟೋ ಮೇಲೆ ನಿಂತಿತ್ತು. ಮೇಡಂ ಅದರ ಪ್ರತಿಯನ್ನು ತಮ್ಮ ಕೋಣೆಯ ಗೋಡೆಗೆ ಅಂಟಿಸಿದರು. ಒಂದು ಸಮ್ಮೇಳನಕ್ಕೆ ಕಳಿಸಿದ ಸಾರಾಂಶದಲ್ಲಿ ಅದೇ ಚಿತ್ರ ಹೋಯಿತು. ಉಳಿದವುಗಳಲ್ಲೂ ಇಂಥದೇ ಸಿಗಬೇಕಾದರೆ ಮೊದಲು ಆ ಗುಂಯ್ ಸದ್ದು ಹೋಗಬೇಕಿತ್ತು.

ನಾನು ಒಂದೊಂದೇ ಸ್ವಿಚ್ಚು ಆರಿಸುತ್ತಾ ಹುಡುಕಿದೆ. ಟ್ಯೂಬ್‌ಲೈಟು, ಏಸಿ, ಪಕ್ಕದ ಕೋಣೆಯ ಫ್ರಿಜ್ಜು. ಅರ್ಥ್ ವೈರುಗಳನ್ನು ಬಿಚ್ಚಿ ಒಂದೇ ಕಡೆ ಸೇರಿಸಿದೆ. ಮೇಜಿನ ಸುತ್ತ ತಾಮ್ರದ ಜಾಲರಿಯ ಪಂಜರ ಕಟ್ಟಿದೆ. ಆ ದಿನಗಳಲ್ಲಿ ಪ್ರಯೋಗದ ಅರ್ಧ ಹೊತ್ತು ನಾನು ಮೇಜಿನ ಕೆಳಗೇ ಇರುತ್ತಿದ್ದೆ ಎಂದರೆ ತಪ್ಪಲ್ಲ. ಕೊನೆಗೆ ಇಲಿಯ ಕೆಳಗೆ ಹಾಸುವ ವಿದ್ಯುತ್ ಶಾಖದ ಹಾಸಿನ ಪ್ಲಗ್ಗು ಕಿತ್ತಾಗ ಸದ್ದು ನಿಂತಿತು. ಹಾಸು ತೆಗೆದರೆ ಅರಿವಳಿಕೆಯಲ್ಲಿರುವ ಇಲಿಯ ಮೈ ತಣ್ಣಗಾಗುತ್ತದೆ. ಇಟ್ಟರೆ ನರದ ಸದ್ದು ಕೇಳುವುದಿಲ್ಲ.

ಮೇಡಂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. “ಹೋಟೆಲಲ್ಲಿ ಚಹಾ ಇಡ್ತಾರಲ್ಲ, ನಲ್ಲಿ ಇರೋ ಸ್ಟೀಲ್ ಡ್ರಮ್ಮು, ಅದು ಒಂದು ತಂದ್ರೆ ಸಾಕು. ಬೆಳಗ್ಗೆ ಹಾಕಿದ ಚಹಾ ಮಧ್ಯಾಹ್ನಕ್ಕೂ ಸುಡ್ತದೆ,” ಎಂದರು.

ಪುರಸೈವಾಕ್ಕಂನ ಪಾತ್ರೆ ಅಂಗಡಿಯಲ್ಲಿ ಅಂಥದ್ದೊಂದು ತಂದೆ. ಅದಕ್ಕೆ ಬಿಸಿನೀರು ತುಂಬಿ ಕಪಾಟಿನ ಮೇಲಿಟ್ಟು, ನಲ್ಲಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಕೊಳವೆಯನ್ನು ಇಲಿ ಮಲಗುವ ಹಲಗೆಯ ಕೆಳಗೆ ಸುತ್ತುಸುತ್ತಾಗಿ ಹಾಯಿಸಿದೆ. ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮೈಶಾಖ ಮೂವತ್ತೇಳು ಡಿಗ್ರಿಯಲ್ಲಿ ನಿಲ್ಲುತ್ತಿತ್ತು. ಹನ್ನೆರಡನೆಯ ಇಲಿಗೆ ನಾವು ಹೀಗೆ ಸಿದ್ಧರಾದೆವು.

ಇಲ್ಲಿ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಇಲಿಗೆ ಮೊದಲು ಉಸಿರಿನ ಮೂಲಕ ಅರಿವಳಿಕೆಯ ಅನಿಲ ಕೊಡುತ್ತೇವೆ. ಅದು ನಿದ್ದೆಹೋದ ಮೇಲೆ ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರಿಗೆ ಜೋಡಿಸುತ್ತೇವೆ. ಶ್ವಾಸಕೋಶದಿಂದ ಸುದ್ದಿ ಒಯ್ಯುವ ನರಗಳನ್ನು ಕತ್ತರಿಸುತ್ತೇವೆ. ಇಲ್ಲದಿದ್ದರೆ ಫ್ರೆನಿಕ್ ನರ ಮಿದುಳಿನ ಲಯ ಬಿಟ್ಟು ಯಂತ್ರದ ಲಯಕ್ಕೆ ಬೀಳುತ್ತದೆ. ಆಮೇಲೆ ಅನಿಲವನ್ನು ಕಡಿಮೆ ಮಾಡುತ್ತಾ, ಬಾಲದ ರಕ್ತನಾಳಕ್ಕೆ ಯುರಿಥೇನ್ ಎಂಬ ಇನ್ನೊಂದು ಅರಿವಳಿಕೆಯನ್ನು ತೂಕಕ್ಕೆ ತಕ್ಕಷ್ಟು ನಿಧಾನವಾಗಿ ಏರಿಸುತ್ತೇವೆ. ಇದರಿಂದ ಇಲಿ ಮತ್ತೆ ಏಳುವುದಿಲ್ಲ, ಸಂಜೆ ಹೆಚ್ಚಿನ ಅರಿವಳಿಕೆ ಕೊಟ್ಟು ಅಲ್ಲೇ ಮುಗಿಸುತ್ತೇವೆ. ಅಳತೆ ಶುರು ಮಾಡುವ ಮುಂಚೆ, ಎದೆ ಅಲುಗಿ ನರ ಕೊಕ್ಕೆಯಿಂದ ಜಾರದಂತೆ, ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧಿ ಕೊಡುತ್ತೇವೆ.

ಅಪಾಯ ಇರುವುದು ಈ ಔಷಧಿಯಲ್ಲಿ. ಅದು ನೋವು ಕಳೆಯುವುದಿಲ್ಲ, ಅಲುಗುವ ಶಕ್ತಿಯನ್ನು ಮಾತ್ರ ಕಳೆಯುತ್ತದೆ. ಅರಿವಳಿಕೆ ಸಾಲದೆ ಹೋದರೂ ಇಲಿ ಕಾಲೆಳೆದುಕೊಳ್ಳಲಾರದು, ಕೂಗಲಾರದು. ಅದಕ್ಕೇ ಅರ್ಧ ಗಂಟೆಗೊಮ್ಮೆ ಹಿಂಗಾಲಿನ ಬೆರಳನ್ನು ಚಿಮಟದಿಂದ ಹಿಸುಕಿ ಪರದೆ ನೋಡಬೇಕು. ರಕ್ತದೊತ್ತಡ ಏರಿತೇ? ನರದ ಉಸಿರು ಚುರುಕಾಯಿತೇ? ಎರಡರಲ್ಲಿ ಒಂದು ಆದರೂ ಅರಿವಳಿಕೆ ಸಾಲದು ಎಂದರ್ಥ, ಕೂಡಲೇ ಹೆಚ್ಚಿಸಬೇಕು. ಸಮಿತಿಗೆ ಕೊಟ್ಟ ಅರ್ಜಿಯಲ್ಲಿ ಇದನ್ನೆಲ್ಲ ಸ್ಪಷ್ಟವಾಗಿ ಬರೆದವಳು ನಾನೇ.

ಹನ್ನೆರಡನೆಯ ಇಲಿಯ ನರವನ್ನು ಕೊಕ್ಕೆಗೇರಿಸಿ ಸ್ಪೀಕರು ಹಾಕಿದೆ. ಗುಂಯ್ ಇಲ್ಲ. ವೆಂಟಿಲೇಟರಿನ ಟಿಕ್‌ಟಿಕ್ ಬಿಟ್ಟರೆ ಏನೂ ಇಲ್ಲ. ನರ ಸತ್ತೇಹೋಯಿತೇನೋ ಎಂದುಕೊಂಡೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ತೀರಾ ಕಡಿಮೆಯಾದರೆ ಮಿದುಳು ಉಸಿರಿನ ಆಜ್ಞೆಯನ್ನೇ ನಿಲ್ಲಿಸುತ್ತದೆ. ಅದು ನೆನಪಾಗಿ ವೆಂಟಿಲೇಟರಿನ ವೇಗ ಇಳಿಸಿದೆ. ಅರ್ಧ ನಿಮಿಷ, ಒಂದು ನಿಮಿಷ. ಆಮೇಲೆ ದೂರದಿಂದ ಬಂದ ಹಾಗೆ, ‘ಸ್ಸ್’. ಮತ್ತೊಂದು. ಮತ್ತೊಂದು.

ಪಕ್ಕದ ಕೋಣೆಯಿಂದ ಮೇಡಂ ಕರೆಯದೆಯೇ ಬಂದರು. ಸ್ಪೀಕರಿನ ಹತ್ತಿರ ಬಾಗಿ ಕೇಳಿದರು.

“ಇಷ್ಟು ಕ್ಲೀನ್ ನಾನು ಕೇಳಿದ್ದು ಇಪ್ಪತ್ತು ವರ್ಷದ ಹಿಂದೆ. ಮುಟ್ಟಬೇಡ ಇನ್ನು ಯಾವುದನ್ನೂ. ಕ್ಲಾಸ್ ಉಂಟು ನನಗೆ, ಮುಗಿಸಿ ಬರ್ತೇನೆ,” ಎಂದು ಹೋದರು.

ಸ್ನಾಯುವಿನ ಔಷಧಿ ಕೊಟ್ಟು ಅರ್ಧ ಗಂಟೆಯಾಗಿತ್ತು. ಚಿಮಟ ತೆಗೆದುಕೊಂಡು ಬೆರಳು ಹಿಸುಕಿದೆ. ಸ್ಪೀಕರಿನಲ್ಲಿ ಉಸಿರು ಅವಸರಿಸಿತು. ‘ಸ್ಸ್, ಸ್ಸ್, ಸ್ಸ್’ ಎಂದು ಏಳೆಂಟು ಸಲ ಒತ್ತೊತ್ತಾಗಿ, ಜೋರಾಗಿ ಬಂದು ಮತ್ತೆ ಹಳೆಯ ಲಯಕ್ಕೆ ಇಳಿಯಿತು. ಪರದೆಯ ಮೇಲೆ ರಕ್ತದೊತ್ತಡದ ಗೆರೆಯೂ ಗುಡ್ಡದ ಹಾಗೆ ಎದ್ದು ಇಳಿದಿತ್ತು.

ಕಾಕತಾಳೀಯ ಇರಬಹುದು ಎಂದುಕೊಂಡೆ. ಹಾಗೆಂದುಕೊಂಡದ್ದನ್ನು ಒಪ್ಪಿಕೊಳ್ಳಬೇಕು. ಒಂದು ನಿಮಿಷ ಬಿಟ್ಟು ಮತ್ತೆ ಹಿಸುಕಿದೆ. ಮತ್ತೆ ಹಾಗೇ ಆಯಿತು. ಕೂಡಲೇ ಅನಿಲವನ್ನು ಮತ್ತೆ ತೆರೆದು, ಯುರಿಥೇನನ್ನೂ ಹೆಚ್ಚಿಗೆ ಕೊಟ್ಟೆ. ಮೂರನೆಯ ಸಲ ಹಿಸುಕಿದಾಗ ಗೆರೆ ಅಲುಗಲಿಲ್ಲ. ಅಷ್ಟಾದರೂ ನನಗೆ ಕೂರಲಾಗಲಿಲ್ಲ. ಡೋಸಿನ ಲೆಕ್ಕ ಬರೆದ ಹಾಳೆಯನ್ನು ಮತ್ತೆ ಮತ್ತೆ ನೋಡಿದೆ. ಗುಣಾಕಾರ ಸರಿಯಾಗಿತ್ತು. ತಪ್ಪು ಇರುವುದಾದರೆ ತೂಕದಲ್ಲಿ ಇರಬೇಕು.

ಅಂದಿನ ಕೆಲಸ ಮುಗಿಸಿ, ಇಲಿಯ ದೇಹವನ್ನು ತೆಗೆದುಕೊಂಡು ಕೆಳಗೆ ಪ್ರಾಣಿಮನೆಗೆ ಹೋದೆ. ಅದನ್ನು ಇಪ್ಪತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ತಮಿಳರು, ಮಿತಭಾಷಿ. ತೂಕದ ಯಂತ್ರ ಒಂದು ತಿಂಗಳಿಂದ ರಿಪೇರಿಗೆ ಹೋಗಿತ್ತು. ಆಗಿನಿಂದ ನಾನು ಪಂಜರಕ್ಕೆ ತಗುಲಿಸಿದ್ದ ಕಾರ್ಡಿನಲ್ಲಿ ಬರೆದ ತೂಕವನ್ನೇ ಹಿಡಿದಿದ್ದೆ. ಹತ್ತು ಗ್ರಾಂ ಆಚೀಚೆ ಆದರೆ ಏನಾಗುತ್ತದೆ ಎಂಬ ಭಾವನೆ.

ಯಂತ್ರ ಹಿಂದಿನ ದಿನವಷ್ಟೇ ವಾಪಸು ಬಂದಿತ್ತು, ಅದು ನನಗೆ ಗೊತ್ತಿರಲಿಲ್ಲ. ಅಣ್ಣ ತೂಗಿದರು. ಮುನ್ನೂರ ಅರವತ್ತೆಂಟು ಗ್ರಾಂ. ಕಾರ್ಡಿನಲ್ಲಿ ಇನ್ನೂರ ತೊಂಬತ್ತು ಎಂದಿತ್ತು.

“ಅದು ಬಂದ ದಿನ ಬರ್ದ ಕಾರ್ಡು ಮ್ಮಾ,” ಎಂದರು ಅವರು ತಮಿಳಿನಲ್ಲಿ. “ನಾಲ್ಕು ವಾರ ಆಯ್ತು. ಇದು ಬೆಳೆಯೋ ವಯಸ್ಸು.”

ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಯಂತ್ರ ಹೋದ ಮೇಲೆ ನಾನು ಮಾಡಿದ ಪ್ರಯೋಗಗಳು ಆರನೆಯದರಿಂದ ಹನ್ನೆರಡನೆಯದರವರೆಗೆ, ಒಟ್ಟು ಏಳು.

ಮರುದಿನ ಬೆಳಗ್ಗೆ ಹಳೆಯ ದಾಖಲೆಗಳನ್ನು ತೆರೆದು ಕೂತೆ. ಪ್ರತಿ ಸಲ ಬೆರಳು ಹಿಸುಕುವಾಗಲೂ ನಾನು ಕೀಲಿ ಒತ್ತಿ ಒಂದು ಗುರುತು ಹಾಕುತ್ತಿದ್ದೆ, ಹಾಗಾಗಿ ಜಾಗಗಳು ಸ್ಪಷ್ಟವಾಗಿದ್ದವು. ನೋಟ್‌ಬುಕ್ಕಿನಲ್ಲಿ ಪ್ರತಿ ಗುರುತಿನ ಮುಂದೆಯೂ ನನ್ನದೇ ಅಕ್ಷರದಲ್ಲಿ ಪ್ರತಿಕ್ರಿಯೆ ಇಲ್ಲ, ಪ್ರತಿಕ್ರಿಯೆ ಇಲ್ಲ ಎಂದಿತ್ತು. ಕರೆಂಟಿನ ಗುಂಯ್ ಸದ್ದನ್ನು ಕಂಪ್ಯೂಟರಿನಲ್ಲೇ ಸೋಸಿ ತೆಗೆದು ಒಂದೊಂದು ಗುರುತಿನ ಸುತ್ತಲೂ ಹಿಗ್ಗಿಸಿ ನೋಡಿದೆ. ಆರನೆಯದರಲ್ಲಿ ಏನೂ ಇಲ್ಲ. ಎಂಟು, ಹತ್ತು, ಹನ್ನೊಂದರಲ್ಲೂ ಇಲ್ಲ. ಒಂಬತ್ತನೆಯದರಲ್ಲಿ ಮೂರು ಗುರುತುಗಳ ಹತ್ತಿರ ನರ ಚುರುಕಾಗಿತ್ತು, ರಕ್ತದೊತ್ತಡವೂ ಎದ್ದಿತ್ತು. ಆ ದಿನ ನಾನು ಹಿಸುಕಿ, ಕೀಲಿ ಒತ್ತಿ, ಗೀಚಿಟ್ಟು ಮತ್ತೆ ಮೇಜಿನ ಕೆಳಗೆ ಅರ್ಥ್ ವೈರು ಹಿಡಿದು ಕೂತಿದ್ದೆ.

ಏಳನೆಯದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದರಲ್ಲಿ ರಕ್ತದೊತ್ತಡದ ಕೊಳವೆ ಅರ್ಧದಲ್ಲೇ ಹೆಪ್ಪುಗಟ್ಟಿ ನಿಂತುಹೋಗಿತ್ತು, ನರದ ದಾಖಲೆ ಮಾತ್ರ ಇತ್ತು. ಮೊದಲ ಎರಡು ಗುರುತು ಸುಮ್ಮನಿದ್ದವು. ಮೂರನೆಯದರ ಹತ್ತಿರ ನರದ ಉಸಿರು ಏಳೆಂಟು ಸಲ ಒತ್ತೊತ್ತಾಗಿ ಬಂದು ಇಳಿದಿತ್ತು. ನಾಲ್ಕನೆಯದರಲ್ಲಿ ಇನ್ನೂ ಹೆಚ್ಚು.

ಗೋಡೆಗೆ ಅಂಟಿಸಿದ್ದ ಆ ಏರುವ ಗೆರೆ ಆಮ್ಲಜನಕದ ಆಟದಿಂದ ಏರಿದ್ದಲ್ಲದೆ ಇರಬಹುದು. ಅನಿಲದ ಪ್ರಭಾವ ಕಳೆಯುತ್ತಾ, ಕಡಿಮೆ ಬಿದ್ದ ಯುರಿಥೇನಿನ ಕೆಳಗಿನಿಂದ ಆ ಇಲಿ ನಿಧಾನವಾಗಿ ಎಚ್ಚರದ ಕಡೆ ಬಂದದ್ದರಿಂದ ಏರಿದ್ದಿರಬಹುದು. ಕತ್ತು ತೆರೆದಿತ್ತು. ಅಲುಗಲು ಆಗುತ್ತಿರಲಿಲ್ಲ. ನಾವು ಅದನ್ನು ನೋಡಿ ಸಂತೋಷಪಟ್ಟಿದ್ದೆವು.

ಭಾನುವಾರ ಬೆಳಗ್ಗೆ ಮೇಡಂ ತ್ರಿಪ್ಲಿಕೇನಿನ ಹೋಟೆಲಿಗೆ ತಿಂಡಿಗೆ ಹೋಗುತ್ತಾರೆಂದು ಗೊತ್ತಿತ್ತು. ಈಗ ಅದನ್ನು ಅವರ ಒಡಹುಟ್ಟಿದವರೊಬ್ಬರು ನಡೆಸುತ್ತಿದ್ದರು. ಸೋಮವಾರದವರೆಗೆ ಕಾಯಲು ನನ್ನಿಂದ ಆಗಲಿಲ್ಲ. ಫೈಲು ಹಿಡಿದು ಹೋದೆ. ಅಡುಗೆಮನೆ ಬಾಗಿಲ ಪಕ್ಕದ ಮೇಜಿನಲ್ಲಿ ಅವರೊಬ್ಬರೇ ಕೂತಿದ್ದರು.

“ಎಂತ ಮಾರಾಯ್ತಿ, ಭಾನುವಾರ ಇಷ್ಟು ದೂರ? ಕೂತ್ಕೊ. ಮೊದ್ಲು ತಿನ್ನು,” ಎಂದರು.

“ಮೊದ್ಲು ಇದನ್ನ ನೋಡ್ಬಿಡಿ ಮೇಡಂ.”

ತಟ್ಟೆ ಪಕ್ಕಕ್ಕೆ ಸರಿಸಿ, ಕೈ ಒರೆಸಿಕೊಂಡು ಹಾಳೆಗಳನ್ನು ತೆಗೆದುಕೊಂಡರು. ಮೊದಲು ಹನ್ನೆರಡನೆಯದು, ಆಮೇಲೆ ಒಂಬತ್ತು, ಆಮೇಲೆ ಏಳು. ತೂಕದ ವಿಷಯ ಹೇಳಿದೆ. ಅವರು ಏಳನೆಯದರ ಹಾಳೆಯನ್ನು ಕನ್ನಡಕ ಎತ್ತಿ ಹತ್ತಿರ ಹಿಡಿದು ನೋಡಿದರು.

“ಫಿಲ್ಟರ್ ಮಾಡಿದ್ರಿಂದ ಬಂದದ್ದು ಅಲ್ವಲ್ಲ ಇದು?”

“ಮೂರು ಥರ ಮಾಡಿ ನೋಡ್ದೆ ಮೇಡಂ. ಹಿಸುಕಿರೋ ಜಾಗದಲ್ಲೇ ಬರುತ್ತೆ. ಬೇರೆಲ್ಲೂ ಬರಲ್ಲ.”

ಕಾಫಿ ಬಂತು. ಅವರು ಮುಟ್ಟಲಿಲ್ಲ. ಹಾಳೆಗಳನ್ನು ಜೋಡಿಸಿ ಫೈಲಿಗೆ ಸೇರಿಸುತ್ತಾ, “ಸರಿ. ಎರಡನ್ನೂ ತೆಗ್ದುಬಿಡುವಾ. ತಾಂತ್ರಿಕ ಕಾರಣ ಅಂತ ಬರಿ. ಸುಳ್ಳೇನಲ್ಲ ಅದು. ಸಮ್ಮೇಳನದ್ದನ್ನೂ ವಾಪಸು ತಗೊಳ್ಳುವಾ,” ಎಂದರು.

“ಸಮಿತಿಗೆ?”

“ವರ್ಷದ ಕೊನೆಗೆ ರಿಪೋರ್ಟ್ ಹೋಗ್ತದಲ್ಲ. ಎರಡು ಫೇಲ್ ಅಂತ ಇರ್ತದೆ ಅದ್ರಲ್ಲಿ. ಯಾವ ಲ್ಯಾಬಲ್ಲಿ ಇರೋದಿಲ್ಲ?”

“ಯಾಕೆ ಫೇಲ್ ಆಯ್ತು ಅಂತ ಇರಲ್ವಲ್ಲ ಮೇಡಂ.”

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ, ದಣಿವು ಇತ್ತು. “ನೋಡು, ಹೇಳಿದ್ರೆ ಕೆಲ್ಸ ನಿಲ್ಲಿಸ್ತಾರೆ. ಎಷ್ಟು ತಿಂಗಳು ಅಂತ ಯಾರಿಗೂ ಗೊತ್ತಿಲ್ಲ. ನಿನ್ನ ಥೀಸಿಸ್ ಉಂಟು. ನಾನು ಬರುವ ವರ್ಷ ರಿಟೈರ್. ಆಮೇಲೆ ನಿನ್ನನ್ನು ಯಾರು ತಗೊಳ್ತಾರೆ? ಕೊಂಚ ಯೋಚನೆ ಮಾಡು. ನಾನು ಬೇಡ ಅಂತ ಹೇಳ್ತಾ ಇಲ್ಲ. ಯೋಚನೆ ಮಾಡು ಅಂತಿದ್ದೇನೆ.”

ಅವರ ಮಾತಿನಲ್ಲಿ ತಪ್ಪು ಹುಡುಕುವುದು ಸುಲಭವಾಗಿರಲಿಲ್ಲ. ದಾಖಲೆಯನ್ನು ತೆಗೆದುಹಾಕಿದರೆ ವಿಜ್ಞಾನಕ್ಕೆ ಸುಳ್ಳು ಸೇರುವುದಿಲ್ಲ. ಇಲಿಗಳೆರಡೂ ಸತ್ತು ವಾರಗಳಾಗಿದ್ದವು, ಹೇಳುವುದರಿಂದ ಅವಕ್ಕೆ ಏನೂ ಆಗುವಂತಿರಲಿಲ್ಲ. ತೂಕದ ಯಂತ್ರವೂ ಬಂದಿತ್ತು, ಇನ್ನು ಈ ತಪ್ಪು ಮತ್ತೆ ಆಗುವುದಿಲ್ಲ. ಹೀಗೆ ಒಂದೊಂದೇ ಕಾರಣ ಕೂಡಿಸುತ್ತಾ ಬಸ್ಸಿನಲ್ಲಿ ಕೂತೆ. ನಾನು ಇಳಿಯಬೇಕಿದ್ದ ನಿಲ್ದಾಣ ದಾಟಿ ಎರಡು ನಿಲ್ದಾಣ ಹೋದ ಮೇಲೆ ಗೊತ್ತಾಯಿತು.

ಸೋಮವಾರ ಹದಿಮೂರನೆಯ ಇಲಿಯ ಸರದಿ. ಏಳೂವರೆಗೆ ಪ್ರಾಣಿಮನೆಗೆ ಹೋದಾಗ ಅಣ್ಣ ಆಗಲೇ ಅದನ್ನು ತೂಗಿ, ತೂಕವನ್ನು ಚೀಟಿಯಲ್ಲಿ ಬರೆದು, ಡಬ್ಬಿಯಲ್ಲಿ ಇಟ್ಟಿದ್ದರು. ಡಬ್ಬಿಯ ತೂತುಗಳಿಂದ ಮೂಗು ಚಾಚಿ ಅದು ಮೂಸುತ್ತಿತ್ತು. ಸರಿಯಾದ ತೂಕ, ಸರಿಯಾದ ಡೋಸು, ಸದ್ದಿಲ್ಲದ ಯಂತ್ರ. ಅಂದು ಪ್ರಯೋಗ ಮಾಡಲು ಯಾವ ಅಡ್ಡಿಯೂ ಇರಲಿಲ್ಲ. ಡಬ್ಬಿಗೆ ಕೈಹಾಕಿದವಳು ಎತ್ತಲಾರದೆ ನಿಂತೆ. ಇವತ್ತು ಇದನ್ನು ಮಾಡಿಬಿಟ್ಟರೆ ನಾಳೆ ಹೇಳುವುದು ಇನ್ನೂ ಕಷ್ಟವಾಗುತ್ತದೆ, ಹದಿನಾಲ್ಕನೆಯದು ಮುಗಿದ ಮೇಲೆ ಇನ್ನೂ ಕಷ್ಟ, ಹಾಗೇ ಇಪ್ಪತ್ತೂ ಮುಗಿದುಹೋಗುತ್ತವೆ ಎಂಬುದು ಆಗ ಬಹಳ ಸ್ಪಷ್ಟವಾಗಿ ಕಂಡಿತು.

“ಅಣ್ಣಾ, ಇವತ್ತು ಬೇಡ. ವಾಪಸು ಪಂಜರಕ್ಕೆ ಬಿಟ್ಟುಬಿಡಿ,” ಎಂದೆ ನನ್ನ ಹರಕು ತಮಿಳಿನಲ್ಲಿ.

“ಎನ್ನಾಚ್ಚು ಮಾ?” ಏನಾಯ್ತಮ್ಮಾ ಎಂದು ಕೇಳಿದರು.

ಹೇಳಿದೆ. ಏನಾಯಿತೆಂದು ಮೇಡಂಗೆ ಹೇಳುವಾಗ ನಾನು ಅರಿವಳಿಕೆಯ ಆಳ, ಪ್ರತಿಕ್ರಿಯೆ ಎಂಬ ಮಾತುಗಳನ್ನು ಬಳಸಿದ್ದೆ. ನನ್ನ ತಮಿಳಿನಲ್ಲಿ ಆ ಮಾತುಗಳಿರಲಿಲ್ಲ. ಏಳನೆಯದಕ್ಕೂ ಒಂಬತ್ತನೆಯದಕ್ಕೂ ನೋವಾಗಿರಬಹುದು, ನಾನು ನೋಡಲಿಲ್ಲ ಎಂದೆ, ಅಷ್ಟೇ.

ಅಣ್ಣ ಡಬ್ಬಿಯ ಮುಚ್ಚಳ ತೆಗೆದು ಇಲಿಯನ್ನು ಅಂಗೈಯಲ್ಲಿ ಎತ್ತಿ ಪಂಜರಕ್ಕೆ ಬಿಟ್ಟರು. ಅದು ನೀರಿನ ಬಾಟಲಿಯ ಕಡೆ ಹೋಗುವುದನ್ನು ನೋಡುತ್ತಾ, “ನೀ ಸೊಲ್ಲುವಿಯಾ, ನಾನ್ ಸೊಲ್ಲಟ್ಟುಮಾ?” ಎಂದರು. ನೀನು ಹೇಳ್ತೀಯಾ, ಇಲ್ಲ ನಾನು ಹೇಳ್ಲಾ ಎಂದು. ಹೆದರಿಸುವ ದನಿಯಲ್ಲ. ಇಬ್ಬರಲ್ಲಿ ಒಬ್ಬರು ಮಾಡಲೇಬೇಕಾದ ಒಂದು ಕೆಲಸ, ಯಾರು ಮಾಡೋಣ ಎಂಬ ಹಾಗೆ.

“ನಾನೇ ಹೇಳ್ತೀನಿ ಅಣ್ಣಾ.”

ಮಧ್ಯಾಹ್ನದ ಹೊತ್ತಿಗೆ ಪತ್ರ ಬರೆದು ಮೇಡಂ ಮೇಜಿನ ಮೇಲಿಟ್ಟೆ. ಎರಡು ಪುಟ. ಹಳೆಯ ತೂಕ ಬಳಸಿದ್ದು, ಪರೀಕ್ಷೆಯ ಫಲವನ್ನು ಸರಿಯಾಗಿ ನೋಡದೆ ಇಲ್ಲ ಎಂದು ಬರೆದದ್ದು, ಎರಡು ಪ್ರಾಣಿಗಳಲ್ಲಿ ಅರಿವಳಿಕೆ ಸಾಲದೆ ಹೋದದ್ದು, ಎಲ್ಲ. ಅವರು ನನ್ನನ್ನು ನಿಲ್ಲಿಸಿಕೊಂಡೇ ಓದಿದರು. ಪೆನ್ನು ತೆಗೆದರು. ಬೇಡ ಎಂದು ಗೆರೆ ಎಳೆಯುತ್ತಾರೆ ಎಂದುಕೊಂಡೆ. ಅವರು ಮೊದಲ ಪುಟದಲ್ಲಿ ನಾಲ್ಕು ಕಡೆ, ಎರಡನೆಯದರಲ್ಲಿ ಮೂರು ಕಡೆ ‘ನಾನು’ ಎಂದಿದ್ದುದನ್ನು ‘ನಾವು’ ಎಂದು ತಿದ್ದಿದರು.

“ಟೈಪ್ ಮಾಡಿ ತಾ. ನನ್ನ ಹೆಸರು ಮೇಲೆ ಇರ್ಲಿ,” ಎಂದರು. ನಾನು ಬಾಗಿಲಿಗೆ ಹೋದಾಗ ಕುರ್ಚಿ ಸರಿದ ಸದ್ದಾಯಿತು. ತಿರುಗಿ ನೋಡಿದರೆ ಗೋಡೆಯ ಚಿತ್ರದ ಟೇಪನ್ನು ಉಗುರಿನಿಂದ ಎಬ್ಬಿಸುತ್ತಿದ್ದರು.

ಸಮಿತಿ ಹನ್ನೆರಡು ದಿನಗಳ ಮೇಲೆ ಕರೆಯಿತು. ಉದ್ದನೆಯ ಮೇಜಿನ ಆ ಕಡೆ ಆರು ಜನ. ಹೆಚ್ಚಿನವರು ಪತ್ರದಲ್ಲಿದ್ದದ್ದನ್ನೇ ಮತ್ತೆ ಕೇಳಿದರು. ಕೊನೆಯಲ್ಲಿ ಕೂತಿದ್ದ ಪಶುವೈದ್ಯರು, ವಯಸ್ಸಾದ ಹೆಂಗಸು, ಅಲ್ಲಿಯವರೆಗೆ ಏನೂ ಕೇಳಿರಲಿಲ್ಲ.

“ಎಷ್ಟು ಹೊತ್ತು?” ಎಂದರು ಇಂಗ್ಲಿಷಿನಲ್ಲಿ.

ಅದನ್ನು ನಾನು ಲೆಕ್ಕ ಹಾಕಿಟ್ಟಿದ್ದೆ. ಯಾರೂ ಕೇಳದಿರಲಿ ಎಂದೂ ಬೇಡಿಕೊಂಡಿದ್ದೆ. ಪ್ರತಿಕ್ರಿಯೆ ಇಲ್ಲದ ಕೊನೆಯ ಗುರುತಿನಿಂದ ಪ್ರಯೋಗ ಮುಗಿದು ಹೆಚ್ಚಿನ ಅರಿವಳಿಕೆ ಕೊಟ್ಟ ಗಳಿಗೆಯವರೆಗೆ.

“ಒಂಬತ್ತನೆಯದರಲ್ಲಿ ಒಂದೂವರೆ ಗಂಟೆಯವರೆಗೂ ಇರಬಹುದು. ಏಳನೆಯದರಲ್ಲಿ ಒಂದು ಗಂಟೆ ಹತ್ತು ನಿಮಿಷದವರೆಗೂ.”

“ಅವಕ್ಕೆ ನೋವು ಗೊತ್ತಾಗುತ್ತಿತ್ತೇ?”

“ಗೊತ್ತಿಲ್ಲ. ಗೊತ್ತಾಗುತ್ತಿರಲಿಲ್ಲ ಎಂದು ಹೇಳಲು ನನ್ನ ಹತ್ತಿರ ಯಾವ ಆಧಾರವೂ ಇಲ್ಲ.”

ಅವರು ಅದನ್ನು ಬರೆದುಕೊಂಡರು. ನನ್ನ ಪಕ್ಕದಲ್ಲಿ ಮೇಡಂ ಕೈಕಟ್ಟಿ ಕೂತಿದ್ದರು. ಸಮಿತಿ ಕೆಲಸ ನಿಲ್ಲಿಸಿತು. ಸಮ್ಮೇಳನದ ಸಾರಾಂಶವನ್ನು ನಾವೇ ಹಿಂದಕ್ಕೆ ಪಡೆದೆವು. ನಾನು ಅರಿವಳಿಕೆಯ ತರಬೇತಿಯನ್ನು ಮೊದಲಿಂದ ಮಾಡಬೇಕಾಯಿತು. ಕಲಿಸಿದವರು ಆ ಪಶುವೈದ್ಯರೇ. ಹೊಸ ಕ್ರಮ ಬಂತು: ಪ್ರಯೋಗದ ಬೆಳಗ್ಗೆಯೇ ತೂಕ, ಇಬ್ಬರ ಸಹಿ. ಬೆರಳು ಹಿಸುಕುವವರು ಒಬ್ಬರು, ಪರದೆ ನೋಡುವವರು ಇನ್ನೊಬ್ಬರು. ಗೆರೆ ಓದುವಷ್ಟು ಸ್ಪಷ್ಟವಾಗಿಲ್ಲದಿದ್ದರೆ ಸ್ನಾಯುವಿನ ಔಷಧಿಯನ್ನೇ ಕೊಡುವಂತಿಲ್ಲ.

ಮತ್ತೆ ಒಪ್ಪಿಗೆ ಸಿಗಲು ಐದು ತಿಂಗಳು ಹಿಡಿಯಿತು. ನನ್ನ ಪ್ರಬಂಧ ಮುಗಿದದ್ದು ಅದಾಗಿ ಬಹಳ ದಿನಗಳ ಮೇಲೆ, ಮೇಡಂ ನಿವೃತ್ತರಾಗುವ ಹಿಂದಿನ ವಾರ. ಅದರಲ್ಲಿ ಕೊನೆಗೆ ಉಳಿದದ್ದು ಐದೇ ಇಲಿಗಳ ದಾಖಲೆ. ನರ ಬಲಗೊಳ್ಳುವುದು ನಿಜವಾಗಿತ್ತು, ಆದರೆ ಏಳನೆಯದರಲ್ಲಿ ಕಂಡದ್ದರ ಅರ್ಧದಷ್ಟೂ ಇರಲಿಲ್ಲ. ಅದು ಆಮೇಲಿನ ಮಾತು. ಮತ್ತೆ ಶುರು ಮಾಡಿದ ಮೊದಲ ದಿನದ್ದನ್ನು ಹೇಳಬೇಕು.

ಅಂದು ಎಲ್ಲವೂ ಸರಿಹೋಗಿತ್ತು. ನರ ಮುಕ್ಕಾಲು ಗಂಟೆಗೇ ಸಿಕ್ಕಿತು. ಸದ್ದು ಶುದ್ಧವಾಗಿತ್ತು. ಮೂರು ಸಲ ಆಮ್ಲಜನಕ ಇಳಿಸಿದ್ದಾಯಿತು, ಮೊದಲ ಎರಡು ಪರೀಕ್ಷೆಗಳಲ್ಲಿ ಗೆರೆ ಅಲುಗಲಿಲ್ಲ. ಗಂಟೆಯ ಅಳತೆಯಲ್ಲಿ ನಲವತ್ತು ನಿಮಿಷ ಕಳೆದಿತ್ತು. ಇನ್ನು ಇಪ್ಪತ್ತು ನಿಮಿಷವಾದರೆ ಆ ವರ್ಷದ ಮೊದಲ ಪೂರ್ತಿ ದಾಖಲೆ ನಮ್ಮ ಕೈಯಲ್ಲಿರುತ್ತಿತ್ತು. ಅಣ್ಣ ಹಿಂಗಾಲಿನ ಬೆರಳು ಹಿಸುಕಿದರು. ನಾನು ಪರದೆ ನೋಡುತ್ತಿದ್ದೆ.

ನರದ ಉಸಿರು ಎರಡು ಸಲ, ಎರಡೇ ಸಲ, ಸ್ವಲ್ಪ ಹತ್ತಿರ ಹತ್ತಿರ ಬಂತು. ರಕ್ತದೊತ್ತಡ ಒಂದು ಚೂರು ಎದ್ದ ಹಾಗೆ ಕಂಡಿತು. ನೋಡಿದ ಹತ್ತು ಜನರಲ್ಲಿ ಐದು ಜನ ಏನೂ ಇಲ್ಲ ಎನ್ನಬಹುದಾದಷ್ಟು. ಅಣ್ಣ ಇರುವ ಕಡೆಯಿಂದ ಪರದೆ ಕಾಣುತ್ತಿರಲಿಲ್ಲ. ಅವರು ಚಿಮಟ ಹಿಡಿದುಕೊಂಡೇ ನನ್ನ ಮುಖ ನೋಡಿದರು.

“ಇದೆ ಅಣ್ಣಾ,” ಎಂದೆ. ಯುರಿಥೇನ್ ಹೆಚ್ಚಿಸಿದೆ. ಮತ್ತೆ ಹಿಸುಕಿದಾಗ ಗೆರೆ ನೆಟ್ಟಗೆ ಹೋಯಿತು. ಆದರೆ ನಡುವೆ ಅರಿವಳಿಕೆ ಬದಲಾದ ಮೇಲೆ ಆ ಗಂಟೆಯ ಅಳತೆಗೆ ಬೆಲೆಯಿಲ್ಲ. ಹೆಚ್ಚಿನ ಅರಿವಳಿಕೆ ಕೊಟ್ಟು, ನರದ ಕೊನೆಯ ಸದ್ದು ನಿಂತ ಮೇಲೆ ದಾಖಲೆ ನಿಲ್ಲಿಸಿದೆ.

ಸ್ಪೀಕರು ಸುಮ್ಮನಾದದ್ದು ಕೇಳಿ ಮೇಡಂ ಬಂದು ಬಾಗಿಲಲ್ಲಿ ನಿಂತರು. ಗಡಿಯಾರ ನೋಡಿದರು.

“ಮುಗೀತಾ? ಇಷ್ಟು ಬೇಗ?”

“ಸಿಗ್ಲಿಲ್ಲ ಮೇಡಂ. ಇವತ್ತಿಂದು ಲೆಕ್ಕಕ್ಕೆ ಬರಲ್ಲ.”

ಅವರು ಒಳಗೆ ಬಂದು ಪರದೆಯ ಮೇಲೆ ಆ ಜಾಗವನ್ನು ಹಿಗ್ಗಿಸಿ ನೋಡಿದರು. ನನಗಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ಸ್ಟೂಲು ಎಳೆದುಕೊಂಡು ಕೂತು, ನೋಟ್‌ಬುಕ್ಕನ್ನು ತಮ್ಮ ಕಡೆ ಎಳೆದುಕೊಂಡು, ನನ್ನ ಸಹಿಯ ಕೆಳಗೆ ಸಹಿ ಹಾಕಿದರು.

“ಅಣ್ಣನಿಗೆ ಹೇಳು, ಗುರುವಾರಕ್ಕೆ ಇನ್ನೊಂದು ತೂಗಿ ಇಡ್ಲಿ ಅಂತ,” ಎಂದರು.